ತುಳುವಿನಲ್ಲಿ ಹೇಳಿ ಕನ್ನಡದಲ್ಲಿ ಬರೆಸಿದ ಮರಣಶಾಸನ: ಕಾಸರಗೋಡಿನ ಒಂದು ತಕರಾರು

ಗಡಿನಾಡಿನ ಕನ್ನಡ ಅಂದ ಕೂಡಲೇ ನಾವು ಶಾಲೆ, ಪಠ್ಯಪುಸ್ತಕ, ನಾಮಫಲಕಗಳ ಬಗ್ಗೆ ಮಾತಾಡುತ್ತೇವೆ. ಅದು ಬೇಕಾದದ್ದೇ. ಆದರೆ ನಾನು ಇವತ್ತು ಒಂದೂವರೆ ಪುಟದ ಒಂದು ಕಾಗದವನ್ನು ಮುಂದಿಟ್ಟುಕೊಂಡು ಮಾತಾಡ್ತೇನೆ. ಅದು ಸಾಹಿತ್ಯ ಕೃತಿಯಲ್ಲ, ಒಬ್ಬ ಅಜ್ಜಿ ಬರೆಸಿದ ಮರಣಶಾಸನ. ಅದರ ಮೇಲೆ ನ್ಯಾಯಾಲಯದಲ್ಲಿ ತಕರಾರು ನಡೀತಾ ಉಂಟು. ಕೇಸು ಮುಗಿಯದ ಕಾರಣ ಹೆಸರು, ಊರು ಹೇಳುವುದಿಲ್ಲ. ಕಾಸರಗೋಡು ಜಿಲ್ಲೆಯ ಒಂದು ಮನೆ, ಅದಕ್ಕೆ ಹೊಂದಿಕೊಂಡ ಸಣ್ಣ ಅಡಿಕೆ ತೋಟ, ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ, ಇಷ್ಟು ತಿಳಿದುಕೊಂಡರೆ ಸಾಕು.

ನಾನು ವಕೀಲಿ ಓದಿದವರ ಪೈಕಿ ಅಲ್ಲ, ಕನ್ನಡ ಎಂ.ಎ. ವಿದ್ಯಾರ್ಥಿ. ಈ ಕೇಸಿನೊಳಗೆ ನಾನು ಬಂದದ್ದು ಅನುವಾದದ ಬಾಗಿಲಿನಿಂದ. ನೆರೆಮನೆಯ ಅಕ್ಕ ಒಂದು ದಿನ ಪ್ಲಾಸ್ಟಿಕ್ ಕವರಿನಲ್ಲಿ ಆ ಕಾಗದ ಹಿಡಿದುಕೊಂಡು ಬಂದರು. “ನೀನು ಕನ್ನಡವೇ ಓದುವುದಲ್ವಾ, ಇದನ್ನು ಇಂಗ್ಲಿಷಿಗೆ ಮಾಡಿಕೊಡಬೇಕಂತೆ, ವಕೀಲರು ಹೇಳಿದ್ದಾರೆ” ಅಂದರು. ಒಂದು ಸಂಜೆಯ ಕೆಲಸ ಅಂದುಕೊಂಡೆ. ಅದು ಎಷ್ಟು ತಪ್ಪು ಎಣಿಕೆ ಎನ್ನುವುದೇ ಈ ಪ್ರಬಂಧ.

ಮೊದಲು ಸಂಗತಿ. ಅಜ್ಜಿ ವಿಧವೆ. ಇಬ್ಬರು ಗಂಡುಮಕ್ಕಳು ಹೊರಗೆ ಉದ್ಯೋಗದಲ್ಲಿದ್ದಾರೆ. ಮಗಳು, ಅಂದರೆ ನಾನು ಹೇಳಿದ ಅಕ್ಕ, ಗಂಡನ ಮನೆಯಿಂದ ವಾಪಸು ಬಂದು ತಾಯಿಯ ಜೊತೆಗೇ ಇದ್ದವರು. ಹನ್ನೆರಡು ಹದಿಮೂರು ವರ್ಷದ ಹಿಂದೆ ಅಜ್ಜಿ ಊರಿನ ನಿವೃತ್ತ ಮಾಷ್ಟ್ರನ್ನು ಕರೆಸಿ ಮರಣಶಾಸನ ಬರೆಸಿದರು. ಮನೆ ಮತ್ತು ತೋಟ ಮಗಳಿಗೆ, ಠೇವಣಿ ಮೂವರಿಗೂ ಸಮ. ಅಜ್ಜಿಯ ತಮ್ಮನ ಮಗ “ಮುಂದೆ ನಿಂತು ನಡೆಸಿಕೊಡತಕ್ಕದ್ದು” ಅಂತ ಕೊನೆಯಲ್ಲಿ ಒಂದು ಸಾಲು. ನೋಂದಣಿ ಮಾಡಿಸಲಿಲ್ಲ. ಅಜ್ಜಿ ತೀರಿಹೋದ ಮೇಲೆ ಬ್ಯಾಂಕಿನವರು ಕೋರ್ಟಿನಿಂದ ಆದೇಶ ತನ್ನಿ ಅಂದರು, ಆಗ ಈ ಕಾಗದ ಹೊರಗೆ ಬಂತು. ಗಂಡುಮಕ್ಕಳು ಇದು ತಾಯಿಯ ಇಚ್ಛೆಯೇ ಅಲ್ಲ ಅಂತ ತಕರಾರು ಹಾಕಿದರು.

ಇಲ್ಲಿ ಒಂದು ಮಾತು, ಈ ಕಾಗದಕ್ಕಿರುವ ಹೆಸರುಗಳ ಬಗ್ಗೆ. ನಮ್ಮ ಕಡೆ ಮರಣಶಾಸನ ಅಂತಾರೆ. ಮೈಸೂರು ಕಡೆಯ ‘ಉಯಿಲು’ ಇಂಗ್ಲಿಷಿನ ವಿಲ್ಲೇ, ತಮಿಳಿನಲ್ಲೂ ಅದು ‘ಉಯಿಲ್’, ಹಾಗಾಗಿ ಹೊಸೂರಿನವರಿಗೆ ಆ ಶಬ್ದದಲ್ಲಿ ಗಡಿಯೇ ಇಲ್ಲ. ಅಕ್ಕಲಕೋಟೆ, ಜತ್ತ ಕಡೆಯವರಿಗೆ ಮರಾಠಿಯ ‘ಮೃತ್ಯುಪತ್ರ’, ಆಂಧ್ರದ ಕಡೆಗೆ ‘ವೀಲುನಾಮಾ’. ಮಲಯಾಳದಲ್ಲಿ ಅರಬ್ಬಿ ಮೂಲದ ‘ಒಸ್ಯತ್ತ್’ ಉಂಟು, ‘ವಿಲ್‌ಪತ್ರಂ’ ಕೂಡ ಉಂಟು. ಮಲಯಾಳದಲ್ಲಿ ‘ವಿಲ್ಪನ’ ಅಂದರೆ ಮಾರಾಟ. ವಿಲ್‌ಪತ್ರ ಅಂದದ್ದಕ್ಕೆ “ಮನೆ ಮಾರಿದ್ದಾರಾ?” ಅಂತ ಗಾಬರಿಯಾದ ಕನ್ನಡದ ಹಿರಿಯರನ್ನು ನಾನೇ ಕಂಡಿದ್ದೇನೆ. ನಗು ಬರುತ್ತದೆ, ಆದರೆ ಇಂಥ ಗಾಬರಿಯ ಮೇಲೆಯೇ ಕೆಲವೊಮ್ಮೆ ಸಹಿ ಬೀಳುವುದು.

ಈಗ ಪ್ರೊಬೇಟ್ ಅಂದರೆ ಏನು ಎನ್ನುವುದನ್ನು ಸರಳವಾಗಿ ಹೇಳುತ್ತೇನೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದಕ್ಕೆ ಮೂಲ. ಮರಣಶಾಸನ ನಿಜವಾದದ್ದು, ಕ್ರಮಪ್ರಕಾರ ಆದದ್ದು, ಕೊನೆಯದ್ದು ಅಂತ ನ್ಯಾಯಾಲಯ ಮೊಹರು ಹಾಕಿ ಕೊಡುವುದೇ ಪ್ರೊಬೇಟ್. ನಮ್ಮ ಜಿಲ್ಲೆಯಲ್ಲಿ ಹಿಂದೂಗಳ ಮರಣಶಾಸನಕ್ಕೆ ಇದು ಕಡ್ಡಾಯವಲ್ಲ. ಎಷ್ಟೋ ಮನೆಗಳಲ್ಲಿ ಪಾಲಿನ ದಾವೆ ಬಂದಾಗ ಮಾತ್ರ ಮರಣಶಾಸನ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಬೇಕೆಂದವರು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆಗ ನ್ಯಾಯಾಲಯ ಸಂಬಂಧಪಟ್ಟವರಿಗೆಲ್ಲ ತಿಳಿವಳಿಕೆ ಕಳಿಸುತ್ತದೆ. ಮರಣಶಾಸನ ಇಲ್ಲದೇ ಹೋಗಿದ್ದರೆ ಯಾರಿಗೆ ಪಾಲು ಬರುತ್ತಿತ್ತೋ ಅಂಥವರು ಕೇವಿಯಟ್ ಹಾಕಿ ಅಡ್ಡ ನಿಲ್ಲಬಹುದು. ಅಡ್ಡ ನಿಂತರೆ ಅರ್ಜಿ ಹೋಗಿ ದಾವೆಯ ರೂಪ ತಾಳುತ್ತದೆ, ಅರ್ಜಿದಾರರೇ ವಾದಿ, ತಕರಾರಿನವರು ಪ್ರತಿವಾದಿ.

ಒಂದು ವಿಷಯ ನನಗೂ ಮೊದಲು ಗೊತ್ತಿರಲಿಲ್ಲ. ಪ್ರೊಬೇಟ್ ನ್ಯಾಯಾಲಯ ಆಸ್ತಿ ಅಜ್ಜಿಯದ್ದೇ ಹೌದಾ ಅಂತ ನೋಡುವುದಿಲ್ಲ. ಹಕ್ಕಿನ ಜಗಳಕ್ಕೆ ಬೇರೆ ಸಿವಿಲ್ ದಾವೆ ಬೇಕು. ಇಲ್ಲಿ ಕೇಳುವುದು ಮೂರೇ: ಅಜ್ಜಿಗೆ ಸ್ವಸ್ಥ ಬುದ್ಧಿ ಇತ್ತಾ, ಇದರಲ್ಲಿ ಏನುಂಟು ಅಂತ ತಿಳಿದು ಸಹಿ ಹಾಕಿದರಾ, ಸಾಕ್ಷಿಗಳು ಕ್ರಮಪ್ರಕಾರ ಹಾಕಿದ್ದಾರಾ. ನಡುವಿನ ಪ್ರಶ್ನೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಗಡಿನಾಡಿನವರ ಕಷ್ಟ ಎಲ್ಲ ಇರುವುದು ಆ ‘ತಿಳಿದು’ ಎಂಬ ಶಬ್ದದಲ್ಲಿ.

ಸಾಕ್ಷಿಯ ಸಂಗತಿ ಬೇಗ ಮುಗಿಸುತ್ತೇನೆ. 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆಸಿದವರು ಸಹಿ ಹಾಕಿದ್ದನ್ನು ಪ್ರತಿಯೊಬ್ಬರೂ ನೋಡಿರಬೇಕು, ಇಲ್ಲವೇ “ಇದು ನನ್ನ ಸಹಿ” ಅಂತ ಅವರ ಬಾಯಿಂದ ಕೇಳಿರಬೇಕು, ಆಮೇಲೆ ಅವರ ಎದುರಿನಲ್ಲಿ ತಾವೂ ಸಹಿ ಹಾಕಬೇಕು. ಸಾಕ್ಷಿಗಳಿಬ್ಬರೂ ಒಂದೇ ಹೊತ್ತಿಗೆ ಅಲ್ಲಿರಬೇಕೆಂದಿಲ್ಲ. ಕೋರ್ಟಿನಲ್ಲಿ ಒಬ್ಬ ಸಾಕ್ಷಿ ಬಂದು ಹೇಳಿದರೆ ಸಾಕು, ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 68ನೇ ಕಲಂ, 2024ರ ಜುಲೈ 1ರಿಂದ ಬಂದ ಹೊಸದರಲ್ಲಿ 67. ಆದರೆ ಆ ಒಬ್ಬರು ತನ್ನ ಸಹಿಯ ಜೊತೆಗೆ ಇನ್ನೊಬ್ಬರೂ ಕ್ರಮಪ್ರಕಾರ ಹಾಕಿದರು ಅಂತಲೂ ಹೇಳಬೇಕು. ಹಳ್ಳಿಯ ಮರಣಶಾಸನಗಳಲ್ಲಿ ಇನ್ನೊಂದು ತೊಡಕು: ಕಾಗದ ಬರೆದಾತ ಕೊನೆಯಲ್ಲಿ ‘ಬರೆದವನು’ ಅಂತ ಸಹಿ ಮಾಡಿರುತ್ತಾನೆ, ಹಳೆಯ ಪತ್ರಗಳಲ್ಲಿ ಇದಕ್ಕೆ ಬಿಕ್ಕಲಂ ಅನ್ನುತ್ತಾರೆ. ಅವನನ್ನು ಎರಡನೇ ಸಾಕ್ಷಿ ಅಂತ ಲೆಕ್ಕ ಹಾಕಲು ಬರುವುದಿಲ್ಲ, ಸಾಕ್ಷಿಯಾಗಬೇಕೆಂಬ ಉದ್ದೇಶದಿಂದಲೂ ಸಹಿ ಹಾಕಿದ್ದು ಅಂತ ತೋರಿಸಿದರೆ ಮಾತ್ರ ಬರುತ್ತದೆ. ನಮ್ಮ ಕೇಸಿನಲ್ಲಿ ಮಾಷ್ಟ್ರು ತೀರಿಹೋಗಿದ್ದಾರೆ, ಸಾಕ್ಷಿಗಳಲ್ಲಿ ಒಬ್ಬರೂ ಇಲ್ಲ. ಉಳಿದ ಒಬ್ಬರು ಪುಣ್ಯಕ್ಕೆ ನೆನಪು ಗಟ್ಟಿ ಇರುವವರು.

ಅವರ ಪಾಟಿ ಸವಾಲಿನ ಪ್ರತಿಯನ್ನು ವಕೀಲರು ನನಗೆ ತೋರಿಸಿದರು. ಎದುರು ಪಕ್ಷದ ವಕೀಲರ ಪ್ರಶ್ನೆಗಳು ಸರಳ. ಮೃತರ ಮನೆಮಾತು ಯಾವುದು? ತುಳು. ಮಕ್ಕಳ ಜೊತೆ ಯಾವ ಭಾಷೆ? ತುಳು. ಈ ಕಾಗದ ಯಾವ ಭಾಷೆಯಲ್ಲಿದೆ? ಕನ್ನಡ. ಅವರಿಗೆ ಕನ್ನಡ ಓದಲು ಬರುತ್ತಿತ್ತಾ? ಸಹಿ ಮಾಡುವಷ್ಟು ಬರುತ್ತಿತ್ತು. ಹಾಗಾದರೆ ತನಗೆ ಓದಲು ಬಾರದ, ತಾನು ಮಾತಾಡದ ಭಾಷೆಯ ಕಾಗದಕ್ಕೆ ಅವರು ಸಹಿ ಹಾಕಿದರು, ಅಲ್ಲವೇ?

ಇದನ್ನು ಕೇಳುತ್ತಿರುವ ಕಾಸರಗೋಡಿನವರು ಈಗ ನಗ್ತಾ ಇರಬಹುದು. ತುಳು ಮನೆಯವರು ಕಾಗದ ಬರೆಸುವುದಾದರೆ ಕನ್ನಡದಲ್ಲಿ ಅಲ್ಲದೆ ಮತ್ತೆ ಯಾವುದರಲ್ಲಿ? 1956ರ ನವೆಂಬರ್ 1ರ ತನಕ ನಾವು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. ಮಾತಿಗೆ ತುಳು, ಹವ್ಯಕ, ಕೊಂಕಣಿ, ಮಲಯಾಳ, ಬ್ಯಾರಿ, ಏನೇ ಇರಲಿ, ತುಂಬ ಮನೆಗಳಲ್ಲಿ ಬರವಣಿಗೆಗೆ ಇದ್ದದ್ದು ಕನ್ನಡ. ಗೇಣಿ ಚೀಟಿ, ಮದುವೆಯ ಕಾಗದ, ಭಜನೆಯ ಪುಸ್ತಕ, ಮುಂಬಯಿಗೆ ಹೋದ ಮಗನಿಗೆ ಬರೆಸುವ ಪತ್ರ, ಎಲ್ಲ. ಹೇಳುವುದು ಒಂದರಲ್ಲಿ, ಬರೆಸುವುದು ಇನ್ನೊಂದರಲ್ಲಿ. ಇದನ್ನು ಯಾರೂ ವಿಚಿತ್ರ ಅಂದುಕೊಳ್ಳಲಿಲ್ಲ. ಆದರೆ ದಾಖಲೆಯ ಮೇಲೆ ಅದನ್ನೇ ಓದಿ, ಊರಿನ ಪರಿಚಯ ಇಲ್ಲದವರಾಗಿ ಓದಿ. ಆಗ ಅದು ಶುದ್ಧ ಸಂಶಯದ ಹಾಗೆ ಕಾಣುತ್ತದೆ.

‘ಸಂಶಯದ ಸನ್ನಿವೇಶ’ ಎನ್ನುವುದು ಇಲ್ಲಿ ಕಾನೂನಿನ ಮಾತೇ. ಅದರ ಮೂಲ ತೀರ್ಪು ಕನ್ನಡ ನಾಡಿನದ್ದು: ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಾಜಮ್ಮ ನಡುವಿನ ಕೇಸು. ಮೈಸೂರು ಸೀಮೆಯ ಲಕ್ಷ್ಮಮ್ಮ ಎಂಬವರ ಮರಣಶಾಸನದ ಪ್ರಶ್ನೆ ಅದು, 1958ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ಆ ತೀರ್ಪನ್ನು ಇವತ್ತಿಗೂ ಮರಣಶಾಸನದ ಪ್ರತಿ ಕೇಸಿನಲ್ಲೂ ಎತ್ತಿ ಹೇಳುತ್ತಾರೆ. ಅದರ ತಿರುಳು ಇಷ್ಟು: ಬೇರೆ ಪತ್ರಗಳಿಗೆ ಸಹಿ ಹಾಕಿದವರು ಬಂದು ಹೌದು ಅಥವಾ ಅಲ್ಲ ಅನ್ನಬಹುದು, ಇಲ್ಲಿ ಆ ವ್ಯಕ್ತಿ ಇಲ್ಲ. ಆದ್ದರಿಂದ ಸಹಿ ನಡುಗಿದಂತಿದ್ದರೆ, ಬರೆಸಿದವರ ಬುದ್ಧಿ ದುರ್ಬಲವಾಗಿದ್ದರೆ, ಹಂಚಿಕೆ ಅಸಹಜವಾಗಿ ಕಂಡರೆ, ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ, ಆ ಸಂಶಯವನ್ನು ತೊಡೆಯುವ ಹೊಣೆ ಮರಣಶಾಸನ ಮುಂದಿಟ್ಟವರದ್ದು. ಮೋಸ, ಬಲವಂತ ಅಂತ ನೇರ ಆರೋಪ ಮಾಡುವವರು ಮಾತ್ರ ಅದನ್ನು ತಾವೇ ಸಾಬೀತು ಮಾಡಬೇಕು. ನೋಂದಣಿ ಆಗಿದ್ದರೂ ಈ ಹೊಣೆ ತಪ್ಪುವುದಿಲ್ಲ. ಲಕ್ಷ್ಮಮ್ಮನವರ ಮರಣಶಾಸನ ಕೊನೆಗೆ ನಿಲ್ಲಲಿಲ್ಲ.

ಬರೆಸಿದವರಿಗೆ ಬಾರದ ಭಾಷೆಯಲ್ಲಿ ಪತ್ರ ಇದ್ದರೆ ಅದೂ ಇಂಥದ್ದೇ ಸಂಶಯಕ್ಕೆ ಎಡೆಮಾಡುತ್ತದೆ. ಬಾರದ ಭಾಷೆಯಲ್ಲಿ ಬರೆಸಬಾರದು ಅಂತ ಎಲ್ಲಿಯೂ ಇಲ್ಲ. ಆದರೆ ಓದಿ ಹೇಳಿದರು, ತಿಳಿಯುವ ಹಾಗೆ ಹೇಳಿದರು ಅಂತ ತೋರಿಸಿಕೊಡಬೇಕು. ನಮ್ಮ ಸಾಕ್ಷಿ ಅದನ್ನು ಹೇಳಿದ್ದಾರೆ. ಮಾಷ್ಟ್ರು ಒಂದೊಂದೇ ಸಾಲು ತುಳುವಿನಲ್ಲಿ ಹೇಳಿದರು, ಅಜ್ಜಿ “ಈ ಇಲ್ಲ್ ಆಳೆಗೇ ಇಪ್ಪಡ್” ಅಂದರು, ಅಂದರೆ ಈ ಮನೆ ಅವಳಿಗೇ ಇರಲಿ. ಅವರು ಇದನ್ನು ನನ್ನ ಎದುರು ಹೇಳಿದರು, ಕೋರ್ಟಿನಲ್ಲೂ ಹೇಳಿದೆ ಅನ್ನುತ್ತಾರೆ. ಆದರೆ ಇಂಗ್ಲಿಷಿನಲ್ಲಿ ದಾಖಲಾದ ಹೇಳಿಕೆಯಲ್ಲಿರುವುದು ಒಂದೇ ವಾಕ್ಯ: ಬರೆದಾತ ಒಕ್ಕಣೆಯನ್ನು ವಿವರಿಸಿದನು. ಯಾವ ಭಾಷೆಯಲ್ಲಿ ಎನ್ನುವುದು ಇಲ್ಲ. ಇಡೀ ಕೇಸು ಯಾವ ಶಬ್ದದ ಮೇಲೆ ನಿಂತಿದೆಯೋ ಆ ‘ತುಳುವಿನಲ್ಲಿ’ ಎಂಬ ಶಬ್ದವೇ ದಾಖಲೆಯಲ್ಲಿ ಇಲ್ಲ. ಯಾರದೂ ದುರುದ್ದೇಶ ಅಂತ ನಾನು ಹೇಳುವುದಿಲ್ಲ. ಸಾರಾಂಶ ಬರೆಯುವವರಿಗೆ ಭಾಷೆ ಸಾರದೊಳಗೆ ಸೇರುವುದಿಲ್ಲ, ಅಷ್ಟೆ.

ಇದಕ್ಕೆ ಕಾನೂನಿನಲ್ಲಿ ದಾರಿ ಇಲ್ಲ ಅಂತ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದಲ್ಲಿ ಎರಡು ಸಣ್ಣ ನಿಯಮಗಳುಂಟು. 6ನೇ ನಿಯಮ: ಸಾಕ್ಷಿ ಹೇಳಿದ ಭಾಷೆ ಒಂದು, ಬರೆದುಕೊಂಡ ಭಾಷೆ ಇನ್ನೊಂದು ಆಗಿ, ಬರೆದದ್ದು ಸಾಕ್ಷಿಗೆ ಅರ್ಥವಾಗದಿದ್ದರೆ, ಅದನ್ನು ಅವರ ಭಾಷೆಯಲ್ಲಿ ಅವರಿಗೆ ತಿಳಿಸಬೇಕು. 10ನೇ ನಿಯಮ: ವಿಶೇಷ ಕಾರಣ ಇದ್ದರೆ ನಿರ್ದಿಷ್ಟ ಪ್ರಶ್ನೆಯನ್ನೂ ಉತ್ತರವನ್ನೂ ನ್ಯಾಯಾಲಯ ಇದ್ದ ಹಾಗೆಯೇ ಬರೆದುಕೊಳ್ಳಬಹುದು, ಪಕ್ಷಗಾರರೂ ಕೇಳಿಕೊಳ್ಳಬಹುದು. ಆ ದಿವಸ ಯಾರೂ ಕೇಳಲಿಲ್ಲ. ಈಗ ಸಾಕ್ಷಿಯನ್ನು ಒಂದೇ ಪ್ರಶ್ನೆಗೆ ಮತ್ತೆ ಕರೆಸಬೇಕೆಂದು ಅರ್ಜಿ ಹಾಕಿದ್ದಾರೆ. ಸಾಕ್ಷಿಗೆ ಎಂಬತ್ತು ದಾಟಿದೆ. ಅರ್ಜಿ ತೀರ್ಮಾನವಾಗುವ ತನಕ ಅವರ ಆರೋಗ್ಯ ಚೆನ್ನಾಗಿರಲಿ ಅಂತ ಅಕ್ಕ ದಿನಾ ಅವರ ಮನೆಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ. ನೋಡಿದವರು ಅದಕ್ಕೂ ಒಂದು ಅರ್ಥ ಕಟ್ಟಬಹುದು ಅಂತ ವಕೀಲರು ಎಚ್ಚರಿಸಿದ್ದಾರೆ.

ಇನ್ನು ನನ್ನ ಕೆಲಸ. ಉತ್ತರಾಧಿಕಾರ ಕಾಯ್ದೆಯ 277ನೇ ಕಲಂ ಕನ್ನಡ ವಿದ್ಯಾರ್ಥಿಗಳೆಲ್ಲ ಒಮ್ಮೆ ಓದಬೇಕಾದದ್ದು. ಮರಣಶಾಸನ ಇಂಗ್ಲಿಷಿನಲ್ಲೋ ಆ ನ್ಯಾಯಾಲಯದ ರೂಢಿಯ ಭಾಷೆಯಲ್ಲೋ ಇಲ್ಲದಿದ್ದರೆ ಅನುವಾದ ಲಗತ್ತಿಸಬೇಕು. ಆ ಭಾಷೆಗೆ ನ್ಯಾಯಾಲಯದ ಅನುವಾದಕರಿದ್ದರೆ ಅವರೇ ಮಾಡಬೇಕು, ಇಲ್ಲದಿದ್ದರೆ ಬಲ್ಲವರು ಯಾರೂ ಮಾಡಬಹುದು. ಹಾಗೆ ಮಾಡಿದವರು, ಮೂಲದ ಭಾಷೆಯನ್ನೂ ಲಿಪಿಯನ್ನೂ ನಾನು ಓದಬಲ್ಲೆ, ಪೂರ್ಣವಾಗಿ ಬಲ್ಲೆ, ಇದು ಸರಿಯಾದ ಅನುವಾದ ಅಂತ ಘೋಷಿಸಿ ಸಹಿ ಹಾಕಬೇಕು. ಪೂರ್ಣವಾಗಿ! ಐದು ವರ್ಷ ಕನ್ನಡ ಓದಿ ನಾನು ಕಲಿತದ್ದು, ಯಾವ ಪಠ್ಯವೂ ಪೂರ್ಣವಾಗಿ ಅರ್ಥವಾಗುವುದಿಲ್ಲ ಅಂತ. ಅದನ್ನು ಕೋರ್ಟಿನಲ್ಲಿ ಹೇಳಲು ಆಗುವುದಿಲ್ಲ.

ಮೊದಲ ಕರಡಿನಲ್ಲಿ ನಾನೇ ಎಡವಿದೆ. “ಸದ್ರಿ ಮನೆ ಮತ್ತು ತೋಟವನ್ನು ನನ್ನ ಮಗಳು ಅನುಭವಿಸಿಕೊಂಡು ಬರತಕ್ಕದ್ದು” ಅಂತ ಮಾಷ್ಟ್ರು ಬರೆದಿದ್ದರು. ‘ಅನುಭವಿಸು’ ಅಂದದ್ದಕ್ಕೆ ನಾನು ಎಕ್ಸ್‌ಪೀರಿಯೆನ್ಸ್ ಅಂತ ಹಾಕಿದ್ದೆ. ಮನೆಯನ್ನು ಎಕ್ಸ್‌ಪೀರಿಯೆನ್ಸ್ ಮಾಡುವುದು ಹೇಗೆ ಅಂತ ವಕೀಲರು ಕೇಳಿದಾಗ ಕಿವಿ ಬಿಸಿಯಾಯಿತು. ಪತ್ರಗಳ ಕನ್ನಡದಲ್ಲಿ ಅನುಭವ ಅಂದರೆ ಸ್ವಾಧೀನ ಮತ್ತು ಫಲಭೋಗ. ಸರಿ, ಆದರೆ ಎಷ್ಟರ ತನಕ? ‘ಪುತ್ರಪೌತ್ರ ಪಾರಂಪರ್ಯವಾಗಿ’ ಅಂತ ಇದ್ದರೆ ಪೂರ್ಣ ಹಕ್ಕು, ‘ಯಾವಜ್ಜೀವ’ ಅಂತ ಇದ್ದರೆ ಬದುಕಿರುವ ತನಕ ಮಾತ್ರ. ಇಲ್ಲಿ ಎರಡೂ ಇಲ್ಲ. ‘ಬರತಕ್ಕದ್ದು’ ಎನ್ನುವಲ್ಲಿ ಕಾಲ ಮುಂದಕ್ಕೆ ಹರಿಯುತ್ತದೆ, ಆದರೆ ಎಲ್ಲಿ ನಿಲ್ಲುತ್ತದೆ ಅಂತ ಕ್ರಿಯಾಪದ ಹೇಳುವುದಿಲ್ಲ. ಹೆಣ್ಣುಮಗಳಿಗೆ ಕೊಟ್ಟ ಆಸ್ತಿಯ ವಿಷಯದಲ್ಲಿ ಇದು ಸಣ್ಣ ಪ್ರಶ್ನೆ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಎರಡನೇ ಭಾಗ, ಮರಣಶಾಸನದಲ್ಲೇ ಮಿತಿ ಹಾಕಿ ಕೊಟ್ಟದ್ದು ಮಿತಿಯಲ್ಲೇ ಉಳಿಯುತ್ತದೆ ಅನ್ನುತ್ತದೆ. ನಾನು ‘ಜೀವಮಾನ’ ಎಂಬ ಒಂದು ಶಬ್ದವನ್ನು ಜಾರಿಸಿ ಸೇರಿಸಿದರೆ ಅಕ್ಕನಿಗೆ ಮನೆ ಮಾರುವ ಹಕ್ಕು ಹೋಯಿತು. ‘ಪೂರ್ಣವಾಗಿ’ ಅಂತ ಸೇರಿಸಿದರೆ ತಮ್ಮಂದಿರ ವಾದ ಹೋಯಿತು. ಎರಡನ್ನೂ ಸೇರಿಸದೆ ಮೂಲದಲ್ಲಿರುವ ಮಸುಕನ್ನು ಹಾಗೆಯೇ ದಾಟಿಸಿದೆ. ಅಕ್ಕನಿಗೆ ಬೇಸರವಾಯಿತು. “ನೀನು ನಮ್ಮ ಕಡೆಯವಳಲ್ವಾ?” ಅಂದರು. ಅರ್ಥ ತೀರ್ಮಾನ ಮಾಡುವುದು ಪ್ರೊಬೇಟಿನ ಕೆಲಸ ಅಲ್ಲ, ಮುಂದೆ ಬೇರೆ ದಾವೆ ಬಂದರೆ ಅಲ್ಲಿ ಮೂಲ ಕನ್ನಡವನ್ನೇ ನೋಡಬೇಕು ಅಂತ ಹೇಳಿದೆ. ಆದರೆ ಕನ್ನಡ ಓದದ ನ್ಯಾಯಾಧೀಶರ ಮೇಜಿನ ಮೇಲೆ ನನ್ನ ಇಂಗ್ಲಿಷೇ ಇರುತ್ತದೆ ಎನ್ನುವುದು ಅಕ್ಕನಿಗೂ ಗೊತ್ತು, ನನಗೂ ಗೊತ್ತು.

ಪ್ರೊಬೇಟ್ ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕಾದ ಇನ್ನೊಂದು ನುಡಿಗಟ್ಟು ‘ಮುಂದೆ ನಿಂತು ನಡೆಸಿಕೊಡುವುದು’. ಪ್ರೊಬೇಟ್ ಸಿಗುವುದು ಮರಣಶಾಸನದಲ್ಲಿ ನೇಮಕವಾದ ನಿರ್ವಾಹಕರಿಗೆ ಮಾತ್ರ. ಆ ನೇಮಕ ನೇರವಾಗಿ ಇರಬಹುದು, ಮಾತಿನ ಧ್ವನಿಯಿಂದ ಅನಿವಾರ್ಯವಾಗಿ ಹೊರಡುವಂಥದ್ದೂ ಆಗಬಹುದು ಅಂತ 222ನೇ ಕಲಂ. ಧ್ವನಿ! ಕಾವ್ಯಮೀಮಾಂಸೆಯ ತರಗತಿ ಬಿಟ್ಟು ಬೇರೆಲ್ಲಿಯೂ ಉಪಯೋಗಕ್ಕೆ ಬರುವುದಿಲ್ಲ ಅಂದುಕೊಂಡಿದ್ದ ಪಾಠ ಇಲ್ಲಿ ಬೇಕಾಯಿತು. ಪದಕ್ಕೆ ಪದ ಹಾಕಿದರೆ ತಮ್ಮನ ಮಗ ಎಲ್ಲಿಯೋ ಎದುರಿಗೆ ನಿಂತುಕೊಂಡ ಹಾಗೆ ಆಗುತ್ತದೆ. ನಮ್ಮ ಕಡೆ ಮದುವೆಗೋ ಕೋಲಕ್ಕೋ ಯಾರನ್ನಾದರೂ ಮುಂದೆ ನಿಂತು ನಡೆಸಿಕೊಡಿ ಅಂದರೆ ಪೂರ್ತಿ ಹೊಣೆ ಅವರದ್ದು ಅಂತಲೇ. ನಾನು ಹೊಣೆ ಹೊತ್ತು ನೆರವೇರಿಸತಕ್ಕದ್ದು ಎಂಬ ಅರ್ಥ ಬರುವಂತೆ ಬರೆದು, ಮೂಲದ ಪದಗಳನ್ನು ಅಡಿಟಿಪ್ಪಣಿಯಲ್ಲಿ ಇಟ್ಟೆ. ಎದುರು ಪಕ್ಷದವರು ಇದು ಅನುವಾದ ಅಲ್ಲ, ವ್ಯಾಖ್ಯಾನ ಅಂತ ಆಕ್ಷೇಪಿಸಿದ್ದಾರೆ. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ನನ್ನನ್ನು ಸಾಕ್ಷಿಕಟ್ಟೆಗೆ ಕರೆಯಬಹುದು. ಕರೆದರೆ ಹೋಗಿ, ಇಲ್ಲಿ ಹೇಳಿದ್ದನ್ನೇ ಹೇಳುತ್ತೇನೆ.

ಒಂದು ಸಮಾಧಾನ ಉಂಟು. ಮರಣಶಾಸನಕ್ಕೆ ಪಾರಿಭಾಷಿಕ ಪದಗಳೇ ಬೇಕೆಂದಿಲ್ಲ, ಉದ್ದೇಶ ತಿಳಿದರೆ ಸಾಕು ಅಂತ 74ನೇ ಕಲಂ ಹೇಳುತ್ತದೆ. ಅಜ್ಜಿಯ ತುಳು ಮಾತನ್ನು ಇದ್ದ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದರೂ ನಡೆಯುತ್ತಿತ್ತು. ಮಾಷ್ಟ್ರು ಗೌರವಕ್ಕಾಗಿ ಅದನ್ನು ‘ಸದ್ರಿ’, ‘ತಕ್ಕದ್ದು’ಗಳ ಕನ್ನಡಕ್ಕೆ ಏರಿಸಿದರು. ಎರಡೇ ಪದದ ‘ಆಳೆಗೇ ಇಪ್ಪಡ್’ ಸ್ಪಷ್ಟವಾಗಿತ್ತು ಅಂತ ನನಗೆ ಅನ್ನಿಸುವುದು ಆಗ.

ಪ್ರಶ್ನೋತ್ತರದಲ್ಲಿ ಅಕ್ಕಲಕೋಟೆಯ ಕಡೆಯಿಂದ ಸೇರಿದ ಹಿರಿಯರೊಬ್ಬರು ಕೇಳಿದರು: “ಅಲ್ರೀ, ಈಗ ನಮ್ಮ ಮಂದಿ ಮರಾಠಿಯೊಳಗ ಬರಸೋದ ಛಲೋ ಅಂತೀರೇನು? ಕನ್ನಡದಾಗ ಬರದ್ರ ರಜಿಸ್ಟ್ರಾರ್ ತಗೊಳ್ಳಂಗಿಲ್ಲ ಅಂತ ಹೇಳ್ತಾರ.”

ಎರಡು ಭಾಗ ಮಾಡಿ ಉತ್ತರ ಹೇಳುತ್ತೇನೆ ಸರ್. ಮೊದಲನೆಯದು, ಮರಣಶಾಸನಕ್ಕೆ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. ಇನ್ನು ನೋಂದಣಿ ಮಾಡಿಸುವುದೇ ಆದರೆ 1908ರ ನೋಂದಣಿ ಕಾಯ್ದೆಯ 19ನೇ ಕಲಂ ನೋಡಿ. ಅಧಿಕಾರಿಗೆ ಭಾಷೆ ತಿಳಿಯದಿರಬೇಕು, ಮತ್ತು ಆ ಭಾಷೆ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲಿ ಇಲ್ಲದಿರಬೇಕು. ಎರಡೂ ಸೇರಿದರೆ ಮಾತ್ರ ನಿರಾಕರಣೆ. ಆಗಲೂ ಅನುವಾದ ಮತ್ತು ಒಂದು ನಕಲು ಜೊತೆಗಿಟ್ಟರೆ ತೆಗೆದುಕೊಳ್ಳಬೇಕು. ತನಗೆ ಕನ್ನಡ ಬಾರದು ಎನ್ನುವುದೊಂದೇ ಕಾರಣ ಆಗುವುದಿಲ್ಲ.

ಎರಡನೆಯದು ಯಾವ ಭಾಷೆ ಎನ್ನುವ ಪ್ರಶ್ನೆ. ನಮ್ಮಲ್ಲಿ ಈಗ ಹೊಸ ಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿ ತಯಾರಾಗುತ್ತವೆ, ಕೆಳಗೆ ಅಜ್ಜಿಯಂದಿರ ಕನ್ನಡ ಸಹಿ. ನಾನು ಹೇಳಿದ ಸಂಶಯ ಅಲ್ಲಿ ಇನ್ನೂ ದೊಡ್ಡದು, ಯಾಕೆಂದರೆ ಅವರಿಗೆ ಮಲಯಾಳ ಓದಲೂ ಬರುವುದಿಲ್ಲ, ಕೆಲವರಿಗೆ ಕೇಳಿದರೆ ಅರ್ಥವೂ ಆಗುವುದಿಲ್ಲ. ಇಪ್ಪತ್ತು ವರ್ಷದ ಮೇಲೆ ಆ ತಕರಾರುಗಳು ಬರುತ್ತವೆ. ಹಾಗಾಗಿ ನಮ್ಮ ವಕೀಲರು ಹೇಳುವುದನ್ನೇ ಹೇಳ್ತೇನೆ: ಬರೆಸುವವರಿಗೆ ತಿಳಿಯುವ ಭಾಷೆಯಲ್ಲಿ ಬರೆಸಿ. ಬೇರೆ ಭಾಷೆಯಲ್ಲೇ ಆಗಬೇಕೆಂದರೆ, ಯಾರು, ಯಾವ ಭಾಷೆಯಲ್ಲಿ, ಯಾರ ಎದುರು ಓದಿ ಹೇಳಿದರು ಅಂತ ಪತ್ರದ ಒಳಗೇ ಎರಡು ಸಾಲು ಇರಲಿ. ಸಾಕ್ಷಿಗಳಲ್ಲಿ ಒಬ್ಬರಾದರೂ ಆ ಎರಡೂ ಭಾಷೆ ಬಲ್ಲವರಾಗಿರಲಿ, ಸಾಧ್ಯವಾದರೆ ವಯಸ್ಸಿನಲ್ಲಿ ಬರೆಸುವವರಿಗಿಂತ ಚಿಕ್ಕವರಾಗಿರಲಿ. ನಮ್ಮ ಮಾಷ್ಟ್ರು ‘ತುಳುವಿನಲ್ಲಿ ಓದಿ ಹೇಳಿದೆ’ ಅಂತ ಒಂದು ಸಾಲು ಬರೆಯುವಷ್ಟು ಜಾಗ ಆ ಎರಡನೇ ಪುಟದಲ್ಲಿ ಖಾಲಿ ಬಿದ್ದಿತ್ತು ಸರ್, ಅರ್ಧ ಪುಟ.